ಟ್ಯಾಂಕ್ ತುಂಬಬೇಕಾದದ್ದು ಹಸ್ತ ಮಳೆಯಲ್ಲಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುತ್ತದೆ. ಅದೇ ತೀರ್ಥಹಳ್ಳಿ, ಹೊಸನಗರ ಕಡೆ ಗುಡ್ಡದ ಮೇಲಿನ ಎಷ್ಟೋ ಮನೆಗಳಲ್ಲಿ ಮಾರ್ಚ್ ಬಂತೆಂದರೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಸಣ್ಣಗಾಗುತ್ತದೆ, ಬಾವಿಯ ತಳ ಕಾಣುತ್ತದೆ, ಹೆಂಗಸರು ಕೊಡ ಹಿಡಿದು ಹಳ್ಳಕ್ಕೆ ಇಳಿಯುತ್ತಾರೆ. ಮಳೆಗೇನೂ ಬರವಿಲ್ಲ. ಹಿಡಿದಿಡಲು ಜಾಗವಿಲ್ಲ, ಹಿಡಿಯುವ ಹೊತ್ತೂ ತಪ್ಪುತ್ತದೆ.

ಮಾಡಿನ (ಚಾವಣಿಯ) ಮಳೆನೀರನ್ನು ಬೇಸಿಗೆಗೆ ಟ್ಯಾಂಕಿನಲ್ಲಿ ಹಿಡಿದಿಡುವ ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಹಂಚು ಹೀರಿದ್ದು, ಸಿಡಿದು ಹೋದದ್ದು ಕಳೆದರೆ ಮುಕ್ಕಾಲು ಪಾಲು ಸಿಗುತ್ತದೆ ಅಂತಿಟ್ಟುಕೊಳ್ಳಿ. 30 ಚದರ ಮೀಟರ್ ಮಾಡು ಇದ್ದರೆ 45 ಮಿ.ಮೀ. ಮಳೆಗೆ 1000 ಲೀಟರ್ ಟ್ಯಾಂಕ್ ತುಂಬಿತು. ಜೂನ್ ಕೊನೆಯ ಆರಿದ್ರಾ ಮಳೆಯಲ್ಲಿ ಅದು ಒಂದು ದಿನದ ಮಾತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ಫೆಬ್ರವರಿಯಿಂದ ಮೇ ಕೊನೆವರೆಗೆ 3000 ಲೀಟರ್ ಬೇಕು. ಸ್ನಾನಕ್ಕೆ, ದನಕ್ಕೆ ಇದು ಸಾಲದು, ಆ ಆಸೆ ಬೇಡ.

ಮೊದಲು ಸೂರಿಗೆ ದಂಬೆ (ನೀರು ಹಿಡಿದು ಸಾಗಿಸುವ ದೋಣಿ) ಕಟ್ಟಿ. ಅಡಿಕೆ ಮರದ ದಂಬೆಗೆ ಖರ್ಚಿಲ್ಲ, ಆದರೆ ಬೇಗ ಕೊಳೆಯುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ, 4 ಇಂಚಿನದು ನಮ್ಮ ಮಳೆಗೆ ತಡೆಯುವುದಿಲ್ಲ. ಎರಡು ಅಡಿಗೊಂದು ಕಬ್ಬಿಣದ ಪಟ್ಟಿ ಕೊಟ್ಟು ಪಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ಬಿಗಿಯಿರಿ. 10 ಅಡಿಗೆ 1 ಇಂಚು ಇಳಿಜಾರಿರಲಿ. ನಮ್ಮ ಹಂಚಿನ ಮಾಡು ಕಡಿದಾಗಿರುತ್ತದಲ್ವಾ, ಜೋರು ಮಳೆಯಲ್ಲಿ ನೀರು ದಂಬೆಯನ್ನೇ ಹಾರಿ ಅಂಗಳಕ್ಕೆ ಬೀಳುತ್ತದೆ. ಹೊರಗಿನ ಅಂಚಿಗೆ ಗೇಣಗಲದ ತಗಡು ನಿಲ್ಲಿಸಿ ಕಟ್ಟಿದರೆ ಅದಕ್ಕೆ ಬಡಿದು ಒಳಗೇ ಇಳಿಯುತ್ತದೆ. ಇದನ್ನು ಬಿಸಿಲಲ್ಲಿ ನಿಂತು ಅಂದಾಜು ಮಾಡಲು ಆಗುವುದಿಲ್ಲ, ಮಳೆ ಹೊಡೆಯುವಾಗಲೇ ಹೊರಗೆ ನಿಂತು ನೋಡಿ.

ಸೋಗೆ ಮಾಡಿನಿಂದ ಇಳಿಯುವ ನೀರಿಗೆ ಬಣ್ಣ ಬಂದಿರುತ್ತದೆ, ಕುಡಿಯಲು ಬೇಡ. ಹಳೇ ಸಿಮೆಂಟ್ ಶೀಟಿನದೂ ಬೇಡ. ಅಂಥ ಮನೆಯವರು ಅಂಗಳದಲ್ಲಿ ನಾಲ್ಕು ಗೂಟಕ್ಕೆ ಶುದ್ಧ ಟಾರ್ಪಾಲಿನ್ ಕಟ್ಟಲಿ. 12 ಅಡಿಗೆ 15 ಅಡಿಯದು ಸುಮಾರು 17 ಚದರ ಮೀಟರ್ ಆಗುತ್ತದೆ.

ಮಾಡಿನ ಮೇಲೆ ಪಾಚಿ, ತರಗೆಲೆ, ಹಕ್ಕಿ ಹಿಕ್ಕೆ, ಮಂಗಗಳ ಓಡಾಟ ಎಲ್ಲ ಇರುತ್ತದೆ. ಆದ್ದರಿಂದ ಪ್ರತಿ ಸಲ ಮೊದಲು ಇಳಿಯುವ ನೀರನ್ನು ಬಿಡಬೇಕು, ಚದರ ಮೀಟರಿಗೆ ಅರ್ಧದಿಂದ ಒಂದು ಲೀಟರ್. ಟ್ಯಾಂಕಿಗೆ ಹೋಗುವ ಪೈಪಿಗೆ ಮಧ್ಯದಲ್ಲಿ ಟಿ ಹಾಕಿ, ಕೆಳಕ್ಕೆ 4 ಇಂಚಿನ ಪೈಪನ್ನು ನೆಟ್ಟಗೆ ಇಳಿಬಿಡಿ. ಇದರಲ್ಲಿ ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ. ಕೊಳೆ ನೀರು ಅದರೊಳಗೆ ತುಂಬಿದ ಮೇಲೆ ಮೇಲಿನ ನೀರು ಟ್ಯಾಂಕಿನ ಕಡೆ ತಿರುಗುತ್ತದೆ. ತುದಿಯ ಮುಚ್ಚಳಕ್ಕೆ ಮೊಳೆಯಲ್ಲೊಂದು ತೂತು ಮಾಡಿ, ಮಳೆ ನಿಂತ ಮೇಲೆ ತಾನೇ ಖಾಲಿಯಾಗುತ್ತದೆ. ಆ ತೂತಿಗೆ ಕಸ ಕಟ್ಟಿಕೊಳ್ಳುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಅಲ್ಲಿಂದ ಮುಂದೆ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಟ್ಯಾಂಕಿಗೆ.

ಟ್ಯಾಂಕ್ ಕಪ್ಪು ಬಣ್ಣದ್ದೇ ಇರಲಿ, ಬೆಳಕು ಬಿದ್ದರೆ ಪಾಚಿ ಬರುತ್ತದೆ. ಬಾಯಿಗೂ ಹೊರಹರಿವಿನ ಪೈಪಿಗೂ ಸೊಳ್ಳೆ ಪರದೆ ಕಟ್ಟಿ. 1000 ಲೀಟರ್ ಅಂದರೆ ಒಂದು ಟನ್ ತೂಕ, ಸುಮ್ನೆ ಮಣ್ಣಿನ ಮೇಲಿಟ್ಟರೆ ಮಳೆಗಾಲದಲ್ಲಿ ವಾಲುತ್ತದೆ. ಜಂಬಿಟ್ಟಿಗೆಯ ಕಟ್ಟೆ ಕಟ್ಟಿಸಿ.

ಈಗ ಹೊತ್ತಿನ ವಿಷಯ. ಜೂನ್‌ನಲ್ಲಿ ತುಂಬಿದ ನೀರು ಬೇಸಿಗೆಗಲ್ಲ, ಅದನ್ನು ಮಳೆಗಾಲದಲ್ಲೇ ಬಳಸಿ ಖಾಲಿ ಮಾಡಿ. ಸೆಪ್ಟೆಂಬರ್‌ನಲ್ಲಿ ಉತ್ತರೆ ಮಳೆ ಹೊತ್ತಿಗೆ ಟ್ಯಾಂಕ್ ಉಜ್ಜಿ ತೊಳೆದು, ಮಾಡು ಗುಡಿಸಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹಸ್ತ, ಚಿತ್ತ ಮಳೆಗಳಲ್ಲಿ ತುಂಬಿ ಬಾಯಿ ಮುಚ್ಚಿ. ಅದೇ 30 ಚದರ ಮೀಟರ್ ಮಾಡಿನಿಂದ 3000 ಲೀಟರಿಗೆ 135 ಮಿ.ಮೀ. ಮಳೆ ಬೇಕು, ಹಿಂಗಾರು ಕೈಕೊಡುವ ಅನುಮಾನ ಇದ್ದರೆ ಉತ್ತರೆಯಲ್ಲೇ ಶುರು ಮಾಡಿ. ಕುಡಿಯುವ ಮುನ್ನ ಕುದಿಸಲೇಬೇಕು.

ಟ್ಯಾಂಕ್ ತುಂಬಿ ಹೊರಹೋಗುವ ನೀರನ್ನು ಇಂಗುಗುಂಡಿಗೆ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಸಮತಟ್ಟು ಜಾಗವಿದ್ದರೆ ಸರಿ. ಮನೆ ಹಿಂದೆ ಧರೆ (ಗುಡ್ಡದ ಮಗ್ಗುಲು) ಕಡಿದಿದ್ದರೆ ಅದರ ಮೇಲೆ ಮಾತ್ರ ಗುಂಡಿ ತೋಡಬೇಡಿ, ನೀರು ಕುಡಿದ ಧರೆ ಕುಸಿದು ಮನೆ ಮೇಲೇ ಬರುತ್ತದೆ. ಅಂಥ ಕಡೆ ಆ ನೀರನ್ನು ಪೈಪಿನಲ್ಲಿ ನೇರ ಕೆಳಗಿನ ಹಳ್ಳಕ್ಕೆ ಬಿಡಿ.