ನಿವೃತ್ತರ ಅಪಾರ್ಟ್‌ಮೆಂಟ್‌ಗೆ ಒಪ್ಪಿಗೆ ಸಿಗುವ ಮುಂಚೆ ನಾನು ಮಾಡಿದ್ದು

ನಮ್ಮ ಬಡಾವಣೆ ಇರುವುದು ಮೈಸೂರಿನ ಹೊರವಲಯದಲ್ಲಿ. ಪಕ್ಕದ ಹೊಲದಲ್ಲಿ ನಿವೃತ್ತರಿಗೆ ಅಂತಲೇ ಅಪಾರ್ಟ್‌ಮೆಂಟ್ ಬರುತ್ತದಂತೆ ಅನ್ನುವ ಸುದ್ದಿ ಮೊದಲೇ ಹಬ್ಬಿತ್ತು. ಪೇಪರಿನಲ್ಲಿ ಪ್ರಕಟಣೆ ಬಂದಾಗ ಖಾತ್ರಿಯಾಯಿತು. ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತುಮಾಡುವ ಮಾಸ್ಟರ್ ಪ್ಲಾನ್‌ನಲ್ಲಿ ಕೃಷಿ ವಲಯ ಅಂತ ಇರುವ ಜಮೀನನ್ನು ವಸತಿಗೆ ಬದಲಾಯಿಸಬೇಕು, ಆಕ್ಷೇಪಣೆ ಇದ್ದವರು ಸಲ್ಲಿಸಿ ಅಂತ ಅದರಲ್ಲಿತ್ತು. ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ ಬಿಟ್ಟರೆ ಬೇರೇನೂ ಇರಲಿಲ್ಲ.

ಬಡಾವಣೆಯ ಸಂಘದ ಸಭೆಯಲ್ಲಿ ಹೆಚ್ಚಿನವರು ಬೇಡ ಅಂದರು. ದಿನಾ ಆಂಬುಲೆನ್ಸ್ ಬರುತ್ತೆ, ಶವದ ಗಾಡಿ ಓಡಾಡುತ್ತೆ, ಸೈಟ್ ರೇಟ್ ಬೀಳುತ್ತೆ ಅಂತೆಲ್ಲ. ಕೇಳಿ ಬೇಜಾರಾಯಿತು. ಮಕ್ಕಳು ದೂರದಲ್ಲಿದ್ದು ಒಂಟಿಯಾಗಿರುವ ಹಿರಿಯರು ನಮ್ಮ ಬೀದಿಯಲ್ಲೇ ಎಷ್ಟು ಜನ ಇಲ್ಲ? ಅವರಿಗೆ ಇಂಥ ಮನೆ ಬೇಕು. ಆದರೆ ನಿಜವಾಗಿಯೂ ವಯಸ್ಸಾದವರು ಬಾಳುವಂಥ ಮನೆ ಆಗಬೇಕು. ನಾನು ಸಿವಿಲ್ ಎಂಜಿನಿಯರ್ ಆಗಿ ನಿವೃತ್ತಳಾದವಳು, ನಕ್ಷೆ ಓದಲು ಬರುತ್ತದೆ. ಹಾಗಾಗಿ ಸಂಘದ ಪತ್ರದ ಜೊತೆ ಸೇರದೆ ನನ್ನದೇ ಪತ್ರ ಬರೆಯಲು ಕೂತೆ.

ಮೊದಲು ಕಾಯ್ದೆ ತೆರೆದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಅದರ 14-ಎ ಕಲಂ ಪ್ರಕಾರ ಭೂ ಬಳಕೆ ಬದಲಾಯಿಸುವುದಾದರೆ ಅದು ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪೇಪರಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ನನಗೆ ಬೇಕಾದ ಹಿಡಿ ಇಲ್ಲೇ ಸಿಕ್ಕಿತು. ಹಿರಿಯರಿಗೆ ಅನುಕೂಲ ಅನ್ನುವುದನ್ನೇ ಸಾರ್ವಜನಿಕ ಹಿತ ಅಂತ ತೋರಿಸಿ ಒಪ್ಪಿಗೆ ಕೇಳುತ್ತಿದ್ದರೆ, ಆ ಅನುಕೂಲ ಏನು ಅಂತ ಆದೇಶದಲ್ಲಿ ಷರತ್ತಾಗಿ ಬರೆಯಲಿ ಅಲ್ವಾ?

ಕಡತ ನೋಡಬೇಕು ಅಂದರೆ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಸುಮ್ನೆ ತೋರಿಸಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿ ಅಂದರು. ಆ ಅರ್ಜಿಗೆ ಉತ್ತರ ಕೊಡಲು 30 ದಿನ ಅವಕಾಶವಿದೆ, ಆಕ್ಷೇಪಣೆಗೆ ಸಿಗುವುದು 15 ದಿನ! ಆದ್ದರಿಂದ ಎರಡನ್ನೂ ಒಟ್ಟಿಗೇ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ. ಆಕ್ಷೇಪಣೆ ಪತ್ರದಲ್ಲೇ ಇನ್ನೊಂದು ಸಾಲು ಸೇರಿಸಿದೆ: ಪ್ರಸ್ತಾವನೆಯ ಪ್ರತಿ ಕೈಗೆ ಬಂದ ಮೇಲೆ ಹೆಚ್ಚುವರಿ ಹೇಳಿಕೆ ಕೊಡುತ್ತೇನೆ, ನನ್ನನ್ನು ಕರೆದು ಕೇಳಿ. ಟಪಾಲು ವಿಭಾಗದಲ್ಲಿ ಸೀಲು, ದಿನಾಂಕ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಆ ಸ್ವೀಕೃತಿ ಇಲ್ಲದಿದ್ದರೆ ಪತ್ರ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಕಡತದ ಪ್ರತಿ ಬಂದಾಗ ನೋಡಿದರೆ, ಹಿರಿಯ ನಾಗರಿಕರು ಅನ್ನುವ ಪದ ಇದ್ದದ್ದು ಪ್ರಸ್ತಾವನೆಯ ಮುಖಪತ್ರದಲ್ಲಿ ಮಾತ್ರ. ನಕ್ಷೆಯಲ್ಲಿ ಇದ್ದದ್ದು ಮಾಮೂಲಿ ವಸತಿ ಕಟ್ಟಡ. ಕ್ಲಿನಿಕ್ ಇಲ್ಲ, ಊಟದ ಹಾಲ್ ಇಲ್ಲ, ಎಲ್ಲ ಬಾಗಿಲಲ್ಲೂ ಮೆಟ್ಟಿಲು. ಹೀಗೇ ಮಂಜೂರಾದರೆ ಮುಂದೆ ಇದನ್ನು ಯಾರಿಗೆ ಬೇಕಾದರೂ ಮಾರಬಹುದು, ಯಾರೂ ತಡೆಯಲಾರರು.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ನಿವೃತ್ತರ ಮನೆಗಳ ಬಗ್ಗೆ 2019ರಲ್ಲಿ ಮಾದರಿ ಮಾರ್ಗಸೂಚಿ ತಂದಿದೆ. ಅದು ಬರೀ ಸಲಹೆ, ತಾನಾಗಿಯೇ ಕಡ್ಡಾಯವಾಗುವುದಿಲ್ಲ. ಷರತ್ತಾಗಿ ಬರೆದರೆ ಮಾತ್ರ ಅದಕ್ಕೆ ಬಲ. ಹಾಗಾಗಿ ಹೆಚ್ಚುವರಿ ಹೇಳಿಕೆಯಲ್ಲಿ ಅಳತೆ ಸಮೇತ ಬರೆದೆ. ರ್‍ಯಾಂಪ್ 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಗಾಲಿ ಕುರ್ಚಿ ದಾಟಲು ಬಾಗಿಲಲ್ಲಿ 900 ಮಿಲಿಮೀಟರ್ ಅಗಲದ ಅಡ್ಡಿಯಿಲ್ಲದ ದಾರಿ. ಸ್ಟ್ರೆಚರ್ ಹಿಡಿಯುವ ಲಿಫ್ಟ್. ಆಂಬುಲೆನ್ಸ್ ತಿರುಗುವಷ್ಟು ಜಾಗ, ಕೊಳಚೆ ನೀರಿನ ಶುದ್ಧೀಕರಣ ಘಟಕ, ಬಸ್ ಸ್ಟಾಪಿನ ತನಕ ಫುಟ್‌ಪಾತ್. ಕ್ಲಿನಿಕ್ಕನ್ನೂ ಊಟದ ಹಾಲನ್ನೂ ನಕ್ಷೆಯಲ್ಲೇ ಸಾಮಾನ್ಯ ಜಾಗ, ಅಂದರೆ ಎಲ್ಲ ನಿವಾಸಿಗಳ ಬಳಕೆಯ ಜಾಗ, ಅಂತ ಗುರುತಿಸಿ ಅಂದೆ. ಇದಕ್ಕೆ ಕಾರಣ ಇದೆ. ಮನೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ ಮಂಜೂರಾದ ನಕ್ಷೆಯನ್ನೂ ಸಾಮಾನ್ಯ ಜಾಗಗಳನ್ನೂ ಬದಲಿಸಲು ಮನೆ ಕೊಂಡವರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು. ನಕ್ಷೆಯಲ್ಲಿ ಇಲ್ಲದ ಕ್ಲಿನಿಕ್ ಬ್ರೋಷರ್‌ನಲ್ಲಿ ಎಷ್ಟು ಚೆನ್ನಾಗಿ ಕಂಡರೂ ಈ ರಕ್ಷಣೆ ಅದಕ್ಕಿಲ್ಲ.

ಕರೆದು ಕೇಳಿದಾಗ ಅಧಿಕಾರಿ ಹೇಳಿದ್ದು ನ್ಯಾಯವಾಗಿಯೇ ಇತ್ತು: "ಮೇಡಂ, ಇದು ಭೂ ಬಳಕೆಯ ಹಂತ. ಕಟ್ಟಡದ ಒಳಗಿನ ವಿಷಯ ನಕ್ಷೆ ಅನುಮೋದನೆಗೆ ಬಂದಾಗ ಹೇಳಿ." ಅದೇ ಹೇಳಿಕೆಯನ್ನು, ಹಳೆಯ ಸ್ವೀಕೃತಿಯ ಪ್ರತಿ ಲಗತ್ತಿಸಿ, ನಕ್ಷೆಯ ಹಂತದಲ್ಲಿ ಮತ್ತೆ ಕೊಟ್ಟೆ. ಮೊದಲ ಆದೇಶದಲ್ಲಿ ರಸ್ತೆಯ ಅಗಲ ಮತ್ತು ಕೊಳಚೆ ನೀರಿನ ಷರತ್ತು ಬಂತು. ಮಂಜೂರಾದ ನಕ್ಷೆಯಲ್ಲಿ ರ್‍ಯಾಂಪ್, ದೊಡ್ಡ ಲಿಫ್ಟ್, ಕ್ಲಿನಿಕ್ ಬಂದವು. ಊಟದ ಹಾಲ್ ಬರಲಿಲ್ಲ. ಅದರ ಜಾಗದಲ್ಲಿ ಬಹುಪಯೋಗಿ ಹಾಲ್ ಅಂತಿದೆ, ನನಗೆ ಸಮಾಧಾನವಿಲ್ಲ.

ಫುಟ್‌ಪಾತ್ ಮಾತ್ರ ಯಾವ ಆದೇಶದಲ್ಲೂ ಇಲ್ಲ, ಆ ರಸ್ತೆ ಪಂಚಾಯಿತಿಯದ್ದು ಅನ್ನುವ ಕಾರಣಕ್ಕೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ. ಬೇಡ ಅಂದಿದ್ದ ನೆರೆಯವರಲ್ಲೂ ಕೆಲವರು ಅದಕ್ಕೆ ಸಹಿ ಹಾಕಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಅದು ಚರ್ಚೆಗೆ ಬರಬೇಕು.