ಮೊಸರು ಮಾರಿದ ದುಡ್ಡು ಯಾರದ್ದು? ಬಿಕಾಂ ತರಗತಿಯಲ್ಲಿ ಕಥೆ ಚರ್ಚೆ

ಬಿಕಾಂ, ಬಿಸಿಎ ಮಕ್ಕಳಿಗೆ ಕನ್ನಡ ಅಂದರೆ ಪಾಸಾದರೆ ಸಾಕು ಅನ್ನುವ ಪೇಪರ್. ತಪ್ಪು ಅವರದೇನಲ್ಲ. ಹನ್ನೊಂದು ವರ್ಷ ನಾನೂ ಅದನ್ನು ಹಾಗೇ ಪಾಠ ಮಾಡಿದ್ದೆ. ಕವಿ ಪರಿಚಯ, ಸಾರಾಂಶ, ‘ಸಂದರ್ಭ ಸಹಿತ ವಿವರಿಸಿ’, ಮುಗೀತು. ನಾನು ಹೇಳುವುದೆಲ್ಲ ಗೈಡಿನಲ್ಲಿ ನನಗಿಂತ ಚೆನ್ನಾಗಿಯೇ ಇರುತ್ತಿತ್ತು. 2021ರಲ್ಲಿ ನಾಲ್ಕು ವರ್ಷದ ಪದವಿಯ ಹೊಸ ಶಿಕ್ಷಣ ನೀತಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ವಾಪಸಾದೆವು. ಪಠ್ಯ ಬದಲಾಯಿತು, ಗೈಡೂ ಬದಲಾಯಿತು, ನನ್ನ ಪಾಠ ಮಾತ್ರ ಅಲ್ಲೇ ಇತ್ತು. ನನಗೇ ಬೇಜಾರಾಗಿ, ವಾರದ ನಾಲ್ಕು ಪೀರಿಯಡ್‌ನಲ್ಲಿ ಗುರುವಾರದ್ದನ್ನು ಚರ್ಚೆಗೆ ಅಂತ ತೆಗೆದಿಟ್ಟೆ.

ಮೊದಲ ಗುರುವಾರ ಪೂರ್ತಿ ತೋಪು. ‘ಮನೆಯಲ್ಲಿ ಓದಿಕೊಂಡು ಬನ್ನಿ’ ಅಂದಿದ್ದೆ. ಅರವತ್ತೆಂಟು ಜನರಲ್ಲಿ ಓದಿ ಬಂದವರು ಐದು ಜನ. ಅರ್ಧದಷ್ಟು ಮಕ್ಕಳು ಬೆಳಗ್ಗೆ ಆರೂವರೆಗೆ ಹಳ್ಳಿಯಿಂದ ಬಸ್ಸು ಹತ್ತುವವರು, ಸಂಜೆ ಅಂಗಡಿಯಲ್ಲಿ ಬಿಲ್ ಹಾಕುವವರು. ಮತ್ತೆ ಹಾಗೆ ಹೇಳಲಿಲ್ಲ. ಈಗ ಒಂದು ಗುರುವಾರ ಕಥೆಯನ್ನು ಕ್ಲಾಸಿನಲ್ಲೇ ಗಟ್ಟಿಯಾಗಿ ಓದುತ್ತೇವೆ, ಒಬ್ಬೊಬ್ಬರು ಅರ್ಧ ಪುಟ. ಮುಂದಿನ ಗುರುವಾರ ಮಾತು. ಒಂದು ಕಥೆಗೆ ಎರಡು ವಾರ ಹೋಗುತ್ತದೆ, ಹೋಗಲಿ.

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದುವಾಗಲೇ ಈ ಓದಿನ ಬೆಲೆ ತಿಳಿದದ್ದು. ಮಂಗಮ್ಮ ಪೇಟೆಯ ಮನೆಗೆ ‘ವರ್ತನೆ’ಯಾಗಿ ಮೊಸರು ಕೊಡುವವಳು. ಓದುತ್ತಿದ್ದ ಹುಡುಗ ಅಲ್ಲೇ ನಿಲ್ಲಿಸಿ, ‘ಅಂದರೆ ಅವಳ ನಡತೆ ಚೆನ್ನಾಗಿತ್ತು ಅಂತಲಾ ಸರ್?’ ಅಂದ. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬಳು, ‘ಅಲ್ಲ ಕಣೋ, ದಿನಾ ತಪ್ಪದೆ ಹಾಕೋದು. ನಮ್ಮಜ್ಜಿ ವರ್ತನೆ ಹಾಲು ಅಂತಾರೆ’ ಅಂದಳು. ಆ ಹುಡುಗಿ ಅಷ್ಟು ದಿನ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ಬಿಟ್ಟಿರಲಿಲ್ಲ.

ಮುಂದಿನ ವಾರದ ಪ್ರಶ್ನೆಗೆ ನಾನು ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ‘ಈ ಕಥೆಯ ಆಶಯವೇನು?’ ಅಂತ ಕೇಳಿದರೆ ಎಲ್ಲರೂ ಗೈಡಿನ ಭಾಷೆಗೆ ಹೋಗಿಬಿಡುತ್ತಾರೆ. ನನಗೇ ಉತ್ತರ ಗಟ್ಟಿಯಿಲ್ಲದ ಪ್ರಶ್ನೆ ಬೇಕಿತ್ತು. ಮೊಮ್ಮಗನಿಗೆ ಸೊಸೆ ಹೊಡೆದಳು ಅಂತ ಜಗಳ ಶುರುವಾಗಿ, ಮಗ ಹೆಂಡತಿಯ ಕಡೆ ನಿಂತು, ಮಂಗಮ್ಮ ಬೇರೆ ಆಗುತ್ತಾಳಲ್ಲ, ಆಮೇಲೆ ತನಗೆ ಅಂತ ಒಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ನಾನು ಬೋರ್ಡಿನ ಮೇಲೆ ಬರೆದದ್ದು ಇಷ್ಟೇ: ‘ಮೊಸರು ಮಾರಿದ ದುಡ್ಡು ಯಾರದ್ದು?’

ನಮ್ಮ ಬೆಂಚುಗಳು ನೆಲಕ್ಕೆ ಬೋಲ್ಟ್ ಹಾಕಿದವು. ದುಂಡಗೆ ಕೂರಿಸೋಣ ಅಂದರೆ ಆಗದ ಮಾತು. ಒಂದು ಬಿಟ್ಟು ಒಂದು ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಎಂಟು ಜನರ ಗುಂಪಾಗುತ್ತದೆ. ಹತ್ತು ನಿಮಿಷ ಗುಂಪಿನಲ್ಲಿ ಮಾತು, ಆಮೇಲೆ ಎಲ್ಲರೆದುರು. ಪಕ್ಕದ ಕ್ಲಾಸಿನ ಸ್ಟ್ಯಾಟಿಸ್ಟಿಕ್ಸ್ ಮೇಡಂ ಎರಡು ಸಲ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗಿದ್ದಾರೆ. ಗಲಾಟೆ ಆಗೋದು ನಿಜ.

ಗುಂಪಿನ ಮಾತು ಮುಗಿಸಿ ‘ಈಗ ಹೇಳಿ’ ಅಂದಾಗ ಒಂದು ಮೌನ ಬರುತ್ತದೆ. ಮೊದಲೆಲ್ಲ ಅದಕ್ಕೆ ಹೆದರಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಈಗ ನೀರಿನ ಬಾಟಲಿ ತೆಗೆದು ನಿಧಾನಕ್ಕೆ ಕುಡಿಯುತ್ತೇನೆ. ಮುಚ್ಚಳ ಹಾಕುವಷ್ಟರಲ್ಲಿ ಯಾರಾದರೂ ಮಾತು ತೆಗೆದಿರುತ್ತಾರೆ.

ಆವತ್ತು ಮೊದಲು ಎದ್ದವನು ಪಕ್ಕಾ ಬಿಕಾಂ. ‘ಎಮ್ಮೆ ಯಾರದ್ದು ಅಂತ ಮೊದಲು ನೋಡಬೇಕು ಸರ್. ಬಂಡವಾಳ ಮನೇದಾದರೆ ಲಾಭಾನೂ ಮನೇದು. ರವಿಕೆ ಡ್ರಾಯಿಂಗ್ಸ್‌ಗೆ ಹೋಗುತ್ತೆ.’ ಡ್ರಾಯಿಂಗ್ಸ್ ಅಂದರೆ ಮಾಲೀಕ ವ್ಯಾಪಾರದಿಂದ ಸ್ವಂತ ಖರ್ಚಿಗೆ ತೆಗೆದುಕೊಂಡ ದುಡ್ಡು. ಕ್ಲಾಸೆಲ್ಲ ನಕ್ಕಿತು. ನಗು ಇಳಿದ ಮೇಲೆ ವರ್ತನೆ ಹುಡುಗಿ ಕೂತಲ್ಲಿಂದಲೇ, ‘ನಮ್ಮನೇಲಿ ಹುಲ್ಲು ತರೋದು, ಕರೆಯೋದು, ಡೇರಿಗೆ ಹಾಕೋದು ಎಲ್ಲ ಅಮ್ಮ. ಪಾಸ್‌ಬುಕ್ ಅಪ್ಪನ ಹೆಸರಲ್ಲಿದೆ’ ಅಂದಳು. ಡ್ರಾಯಿಂಗ್ಸ್ ಹುಡುಗ, ‘ಹಾಗಾದರೆ ಅಮ್ಮಂಗೆ ಸಂಬಳ ತೋರಿಸಬೇಕಿತ್ತು’ ಅಂತ ಗೊಣಗಿದ. ಅಲ್ಲಿಂದ ನನ್ನನ್ನು ಯಾರೂ ಕೇಳಲಿಲ್ಲ, ಅವರವರೇ ಜಗಳಕ್ಕೆ ಬಿದ್ದರು.

ಇಷ್ಟು ಕೇಳಿ ಇದು ಸುಲಭ ಅಂದುಕೊಳ್ಳಬೇಡಿ. ಮುಂದಿನ ಸೆಮಿಸ್ಟರ್‌ನಲ್ಲಿ ದೇವನೂರ ಮಹಾದೇವರ ‘ಅಮಾಸ’ ತೆಗೆದುಕೊಂಡೆ. ಮಾರಿಗುಡಿಯಲ್ಲಿ ಕುರಿಯಯ್ಯನ ಜೊತೆ ಬೆಳೆಯುವ ಅನಾಥ ಹುಡುಗ, ಹಬ್ಬದಲ್ಲಿ ಅವನ ಹುಲಿ ಕುಣಿತ. ಮಂಗಮ್ಮನ ಹುಮ್ಮಸ್ಸಿನಲ್ಲಿ ನಾನು, ‘ನಿಮ್ಮೂರ ಮಾರಿಹಬ್ಬದಲ್ಲಿ ಯಾರ್ಯಾರು ಯಾವ್ಯಾವ ಕೆಲಸ ಮಾಡುತ್ತಾರೆ?’ ಅಂತ ಕೇಳಿಬಿಟ್ಟೆ. ಒಬ್ಬ ‘ತಮಟೆ’ ಅಂದ. ಅಂದವನೇ ಕಿಟಕಿ ಪಕ್ಕದ ಬೆಂಚಿನ ಕಡೆ ನೋಡಿದ. ಇನ್ನೂ ನಾಲ್ಕೈದು ತಲೆ ಅತ್ತ ತಿರುಗಿದವು. ಅಲ್ಲಿ ಕೂತಿದ್ದ ಹುಡುಗ ನೋಟ್ಸಿನಲ್ಲಿ ಏನೋ ಬರೆಯುತ್ತಲೇ ಇದ್ದ. ಎರಡು ವಾರ ಅವನು ನನ್ನ ಕ್ಲಾಸಿಗೆ ಬರಲಿಲ್ಲ, ಬೇರೆ ಕ್ಲಾಸಿಗೆಲ್ಲ ಬರುತ್ತಿದ್ದ.

ಅವನನ್ನು ಕ್ಯಾಂಟೀನ್ ಹತ್ತಿರ ಹಿಡಿದು ತಪ್ಪಾಯ್ತು ಅಂದೆ. ‘ಕಥೆ ಚೆನ್ನಾಗಿತ್ತು ಸರ್. ನೀವು ಅಮಾಸನ ಬಗ್ಗೆ ಕೇಳಿದ್ದಿದ್ದರೆ ನಾನೇ ಜಾಸ್ತಿ ಮಾತಾಡ್ತಿದ್ದೆ’ ಅಂದ. ಅದಾದ ಮೇಲೆ ನನ್ನ ಪ್ರಶ್ನೆ ಯಾವತ್ತೂ ಕಥೆಯೊಳಗಿನವರ ಬಗ್ಗೆಯೇ. ಪಾಸ್‌ಬುಕ್ಕಿನ ಮಾತನ್ನು ಆ ಹುಡುಗಿ ತಾನಾಗಿ ತಂದಿದ್ದಳು, ನಾನು ಕೇಳಿ ಹೊರತೆಗೆದದ್ದಲ್ಲ. ಈ ವ್ಯತ್ಯಾಸ ಅವತ್ತೇ ಹೊಳೆಯಬೇಕಿತ್ತು.

ಪರೀಕ್ಷೆಯ ಅಂಕವೇನೂ ಏರಲಿಲ್ಲ. ಇಳಿಯಲೂ ಇಲ್ಲ. ಮಾತಿಗೆ ಅಂಕ ಕೊಡಲು ಹೋಗಿ ಒಮ್ಮೆ ಕೈಸುಟ್ಟುಕೊಂಡಿದ್ದೇನೆ, ವಾಚಾಳಿಗಳು ಎದ್ದು ಕೂತರು, ಉಳಿದವರು ಮತ್ತೆ ತೆಪ್ಪಗಾದರು. ಈಗ ಹೊರಡುವಾಗ ಒಂದು ಚೀಟಿ: ಇವತ್ತು ಯಾರ ಮಾತು ಒಪ್ಪಲಿಲ್ಲ, ಯಾಕೆ? ಎರಡೇ ಸಾಲು. ಸುಮ್ನೆ ಕೂರುವವರು ಇದರಲ್ಲಿ ಚೆನ್ನಾಗಿ ಬರೆಯುತ್ತಾರೆ.

ವರ್ತನೆ ಹುಡುಗಿ ಮಂಗಮ್ಮನ ಕಥೆಯ ಜೆರಾಕ್ಸ್ ಕೇಳಿ ಮನೆಗೆ ಒಯ್ದಿದ್ದಳು. ‘ಅಮ್ಮ ಏನಂದರಮ್ಮಾ?’ ಅಂತ ಕೇಳಿದೆ.

‘ರವಿಕೆ ಹೊಲಿಸಿಕೊಂಡಿದ್ದು ಸರಿ ಅಂದರು. ಆದರೆ ಸೊಸೇದೂ ತಪ್ಪಿಲ್ವಂತೆ ಸರ್, ಮಗು ಅವಳದ್ದು ತಾನೇ ಅಂದರು.’

ನಮ್ಮ ಕ್ಲಾಸಿನಲ್ಲಿ ಒಬ್ಬರೂ ಸೊಸೆಯ ಪರ ಮಾತಾಡಿರಲಿಲ್ಲ. ಈ ವರ್ಷದ ಬ್ಯಾಚಿಗೆ ಬೋರ್ಡಿನ ಮೇಲೆ ಅದನ್ನೇ ಬರೆದೆ.