ಬೇಸಿಗೆಯಲ್ಲಿ ತುಂಡು, ಚಳಿಯಲ್ಲಿ ಕೌದಿ

65 ದಾಟಿದ ಕೈಗೂ ಕೌದಿ (ಹಳೇ ಬಟ್ಟೆಯ ತುಂಡು, ಪದರು ಸೇರಿಸಿದ ಹೊದಿಕೆ) ಹೊಲಿಯುವ ಕಸುವು ಇರುತ್ತದೆ. ಕಾಲ ನೋಡಿ ಕೆಲಸ ಹಂಚಿಕೊಳ್ಳಬೇಕು, ಅಷ್ಟೆ. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲೇ ಇಡೀ ಕೌದಿ ಮುಗಿಸುವ ರೂಢಿ ನಮ್ಮ ಕಡೆ ಇದೆ. ಆದರೆ ರಾಯಚೂರು, ಕೊಪ್ಪಳದ 40 ಡಿಗ್ರಿ ಬಿಸಿಲಲ್ಲಿ ಪದರು ಪದರು ಬಟ್ಟೆ ತೊಡೆಯ ಮೇಲೆ ಹರವಿಕೊಂಡು ಕೂರುವುದು ವಯಸ್ಸಾದ ಮೈಗೆ ತಡೆಯದು. ಬೆವರಿದ ಬೆರಳಲ್ಲಿ ಸೂಜಿ ಜಾರುತ್ತದೆ, ತುಕ್ಕೂ ಹಿಡಿಯುತ್ತದೆ.

ಬೇಸಿಗೆಗೆ ಹಗುರ ಕೆಲಸ ಇಟ್ಟುಕೊಳ್ಳಿ. ಹಳೇ ಹತ್ತಿ ಸೀರೆ, ಧೋತರ ಒಗೆದರೆ ಎರಡು ತಾಸಿನಲ್ಲಿ ಒಣಗುತ್ತವೆ. ಪಾಲಿಯೆಸ್ಟರ್ ಬೆರೆಸಬೇಡಿ, ನೀರಿಗೆ ಹಾಕಿದಾಗ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಕೌದಿ ಸುಕ್ಕುಗಟ್ಟುತ್ತದೆ. ಎರಡೂ ಹೆಬ್ಬೆರಳಿನ ನಡುವೆ ಬಟ್ಟೆ ಹಿಡಿದು ಜಗ್ಗಿ ನೋಡಿ. ಪರ್ ಎಂದರೆ ಒಳಪದರಿಗೆ, ತಡೆದರೆ ಮೇಲಕ್ಕೆ. ಮೇಲಿನದನ್ನು 6 ಅಂಗುಲದ ಚೌಕ ಕತ್ತರಿಸಿ, ಸುತ್ತ ಅರ್ಧ ಅಂಗುಲ ಹೊಲಿಗೆಗೆ ಬಿಟ್ಟು, 9 ತುಂಡು ಸೇರಿಸಿ ಒಂದು ಪಟ್ಟಿ ಮಾಡಿ. ಇಂಥ 14 ಪಟ್ಟಿ ಬೇಕು. ಬೆಳಗಿನ 10ರೊಳಗೆ ಕೂತರೆ ದಿನಕ್ಕೊಂದು ಪಟ್ಟಿ ಸಾಕು.

ಬಣ್ಣ ಹೊಂದಿಸುವುದು ಹೊಲಿಯುವವರದೇ ಕೆಲಸ, ಮನೆಯವರು ನಡುವೆ ಬಾಯಿ ಹಾಕಬೇಡಿ. ತುಂಡುಗಳನ್ನು ಹೊರಸಿನ ಮೇಲೆ ಹರವಿ ಎರಡು ದಿನ ಹಾಗೇ ಬಿಡಿ. ಬಾಗಿಲಲ್ಲಿ ನಿಂತು ನೋಡಿದಾಗ ಯಾವುದು ಎಲ್ಲಿರಬೇಕೆಂದು ತಾನಾಗಿ ಹೊಳೆಯುತ್ತದೆ. ಕಣ್ಣಿಗೆ ಪೊರೆ ಬರುವ ವಯಸ್ಸಿನಲ್ಲಿ ಕಡು ನೀಲಿ, ಕಪ್ಪು ಒಂದೇ ಥರ ಕಾಣುತ್ತವೆ. ಅದಕ್ಕೆ ಹಗಲು ಬೆಳಕಿನಲ್ಲೇ ಆರಿಸಿ, ನಡುವೆ ಹಳದಿ ಇಲ್ಲವೆ ಬಿಳಿ ಇಡಿ.

ಕಾರಹುಣ್ಣಿಮೆ ಕಳೆದು ಮೋಡ ಮುಸುಕಿದರೆ ಸೂಜಿ ಎತ್ತಿಡಿ. ಅದು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕಾಲ. ಬರೀ ಎರೆಮಣ್ಣಿನ ಎತ್ತು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಮೂರು ಬೊಗಸೆ ಮಣ್ಣಿಗೆ ಒಂದು ಬೊಗಸೆ ಸಣ್ಣ ಮರಳು ಹಾಕಿ, ರಾತ್ರಿ ನೆನೆಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಮಾಡಿದ್ದನ್ನು ನೆರಳಲ್ಲಿ ಒಣಗಿಸಿ. ಕಣ್ಣಿಗೆ ಜೋಳದ ಕಾಳು ಒತ್ತಿ. ಗುಲಗಂಜಿ ಚೆಂದ, ಆದರೆ ವಿಷ. ಕೂಸಿರುವ ಮನೆಯಲ್ಲಿ ಬೇಡವೇ ಬೇಡ.

ದೀಪಾವಳಿ ಕಳೆದ ಮೇಲೆ ಕೌದಿ ತೊಡೆಗೆ ಬರಲಿ, ಆಗ ಅದರ ಬಿಸಿಯೂ ಹಿತ. ಐದೂವರೆ ಮೀಟರಿನ ಒಂದು ಸೀರೆಯನ್ನು ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲದ ಒಳಪದರು ಸಿದ್ಧ. ಅದರ ಮೇಲೆ 14 ಪಟ್ಟಿ ಕೂಡಿಸಿ, ಉಳಿದ ಎರಡು ಅಂಗುಲಕ್ಕೆ ಸೀರೆಯ ಅಂಚು ಮಡಿಸಿ. ಆರು ಪದರು ಮೀರಿದರೆ ಸೂಜಿ ಹೊರಡಿಸಲು ಹೆಬ್ಬೆರಳಿನ ಬುಡ ನೋಯುತ್ತದೆ. ಹಳೇ ಸೈಕಲ್ ಟ್ಯೂಬಿನ ತುಂಡಿನಲ್ಲಿ ಸೂಜಿ ಹಿಡಿದು ಎಳೆಯಿರಿ, ಜಾರುವುದಿಲ್ಲ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಮುಂಜಾನೆಯೇ ಹತ್ತು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳಿ, ಸಂಜೆ ಹತ್ತನ್ನೂ ಎಣಿಸಿ. ಸಕ್ಕರೆ ಕಾಯಿಲೆಯಿದ್ದರೆ ಬೆರಳು ಜೋಮು ಹಿಡಿದು ಚುಚ್ಚಿದ್ದೂ ತಿಳಿಯದಿರಬಹುದು, ಆಗಾಗ ನೋಡಿಕೊಳ್ಳಿ.

ಎಲ್ಲರೂ ತಪ್ಪುವುದು ಒಂದು ಕಡೆ. ಅಂಚಿನಿಂದ ಸುತ್ತು ಸುತ್ತು ಹೊಲಿಯುತ್ತ ಒಳಗೆ ಬರುವಾಗ ಸಡಿಲ ಬಟ್ಟೆಯೆಲ್ಲ ನಡುವಿಗೆ ತಳ್ಳಿ ಗುಳ್ಳೆ ಏಳುತ್ತದೆ. ಅದಕ್ಕೇ ಮೊದಲು ಯಾರಾದರೂ ಸೊಂಟ ಗಟ್ಟಿಯಿದ್ದವರಿಂದ ನೆಲದ ಮೇಲೆ ಹಾಸಿಸಿ, ನಡುವಿನಿಂದ ನಾಲ್ಕೂ ಮೂಲೆಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಸಿ. ಆಮೇಲೆ ಸುತ್ತಿಗೂ ಸುತ್ತಿಗೂ ಒಂದು ಬೆರಳು ಅಂತರ ಬಿಟ್ಟು, ಜೋಳದ ಕಾಳಿನಷ್ಟು ಟಾಕಿ ಹಾಕುತ್ತ ಬನ್ನಿ. ಅರ್ಧ ತಾಸಿಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ.

ಮುಗಿದ ಕೌದಿ ಒಗೆಯುವುದನ್ನು ಮನೆಯ ಎಳೆಯರಿಗೆ ಬಿಡಿ. ನೀರು ಕುಡಿದ ಕೌದಿಯ ಭಾರ ಒಬ್ಬರ ಸೊಂಟಕ್ಕೆ ಆಗದು. ಇಬ್ಬರು ಹಿಡಿದು, ಎರಡು ಹಗ್ಗದ ಮೇಲೆ ಹರವಬೇಕು.